ಕಡಿಮೆ ಬೆಲೆಯ ರಂಧಾ ಕೊಳ್ಳುವಾಗ ಏನನ್ನು ನೋಡಬೇಕು

ಪುಸ್ತಕದಲ್ಲಿ ಹತ್ತರಿ ಎಂದು ಬರೆಯುವ, ಬೆಳಗಾವಿಯ ಬಡಿಗೇರರು ರಂಧಾ ಎಂದೇ ಕರೆಯುವ, ಮರವನ್ನು ಹೆರೆದು ಸಮ ಮಾಡುವ ಉಪಕರಣವನ್ನು ಎರಡು ಸಾವಿರ ರೂಪಾಯಿಯೊಳಗೆ ಕೊಳ್ಳಲು ಹೊರಟವರು ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಬೇಕು. ಆ ಬೆಲೆಗೆ ಸಿಗುವ ರಂಧಾದಲ್ಲಿ ಕುಂದು ಇದ್ದೇ ಇರುತ್ತದೆ. ಅದನ್ನು ಮನೆಯಲ್ಲಿ ತಿದ್ದಲು ಬರುವುದೋ ಇಲ್ಲವೋ ಎಂಬುದನ್ನು ಅಂಗಡಿಯಲ್ಲಿ ನಿಂತೇ ನಿರ್ಧರಿಸಬೇಕು. ಹಿಡಿಕೆ ಒರಟಾಗಿದ್ದರೆ, ಅಂಚು ಕೈಗೆ ಚುಚ್ಚಿದರೆ, ಅಲಗು ಮೊಂಡಾಗಿದ್ದರೆ ಅದು ಒಂದು ಭಾನುವಾರದ ಕೆಲಸ. ತಳ ತಿರುಚಿದ್ದರೆ ಅಥವಾ ಎರಕ ಸೀಳಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ.

ಪೇಟೆಯಲ್ಲಿರುವ ಕಬ್ಬಿಣದ ರಂಧಾಗಳಲ್ಲಿ ಹೆಚ್ಚಿನವು ಅಮೆರಿಕದ ಲಿಯೊನಾರ್ಡ್ ಬೇಯ್ಲಿ ರೂಪಿಸಿದ, 1869ರಲ್ಲಿ ಸ್ಟ್ಯಾನ್ಲಿ ಕಂಪನಿಯ ಕೈಸೇರಿದ ವಿನ್ಯಾಸವನ್ನೇ ಅನುಸರಿಸುತ್ತವೆ. ಅವುಗಳ ಗಾತ್ರವನ್ನು ನಂಬರಿನಿಂದ ಗುರುತಿಸುತ್ತಾರೆ: 4ನೆಯ ನಂಬರಿನದು ಹತ್ತು ಇಂಚಿಗೆ ತುಸು ಕಡಿಮೆ ಉದ್ದ, 5ನೆಯದು ಸುಮಾರು 14 ಇಂಚು; ಎರಡರಲ್ಲೂ ಅಲಗಿನ ಅಗಲ ಸಾಮಾನ್ಯವಾಗಿ 2 ಇಂಚು. ಒಂದೇ ರಂಧಾ ಕೊಳ್ಳುವುದಾದರೆ 5ನೆಯ ನಂಬರು ಉಪಯೋಗಕ್ಕೆ ಹೆಚ್ಚು ಬರುತ್ತದೆ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆಯ ಮುಕ್ಕಾಲು ಪಾಲು ತಳದಲ್ಲೇ ಇದೆ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ: ಬೀಡುಕಬ್ಬಿಣದ ಎರಕವು ಆರುವಾಗ ದಪ್ಪ ಭಾಗ ಒಂದು ವೇಗದಲ್ಲಿ, ತೆಳು ಭಾಗ ಇನ್ನೊಂದು ವೇಗದಲ್ಲಿ ತಣಿಯುವುದರಿಂದ ಒಳಗೆ ಬಿಗಿತ ಉಳಿದುಬಿಡುತ್ತದೆ. ಆ ಬಿಗಿತವನ್ನು ಕಾಯಿಸಿ ಇಳಿಸದೆ, ಎರಕವನ್ನು ತಿಂಗಳುಗಟ್ಟಲೆ ಹೊರಗಿಟ್ಟು ಹಳತಾಗಲೂ ಬಿಡದೆ ಗ್ರೈಂಡಿಂಗ್ ಮಾಡಿದರೆ, ಅಂದು ಸಮನಾಗಿದ್ದ ತಳ ಕೆಲವು ತಿಂಗಳಲ್ಲಿ ತಾನಾಗಿ ಬಾಗುತ್ತದೆ. ಆದ್ದರಿಂದ ತಳದ ಹೊಳಪನ್ನು ನಂಬಬಾರದು, ಅಳೆದು ನೋಡಬೇಕು.

ಅಲಗನ್ನು ತಳದಿಂದ ಒಳಕ್ಕೆ ಎಳೆದು, ಆದರೆ ಕೆಲಸಕ್ಕೆ ಬಿಗಿಯುವಷ್ಟೇ ಬಿಗಿದಿಟ್ಟು, ಸ್ಟೀಲಿನ ಪಟ್ಟಿಯ ಅಂಚನ್ನು ತಳದ ಮೇಲೆ ಉದ್ದಕ್ಕೂ ಕರ್ಣವಾಗಿಯೂ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಬೇಕು. ತಳದಲ್ಲಿ ಅಲಗು ಹೊರಬರುವ ಕಿಂಡಿಗೆ ಬಾಯಿ ಎನ್ನುತ್ತಾರೆ. ಮುಂತುದಿ, ಬಾಯಿಯ ಮುಂದಿನ ಅಂಚು, ಬಾಯಿಯ ಹಿಂಬದಿ, ಹಿಂತುದಿ ಈ ನಾಲ್ಕು ಕಡೆ ಪಟ್ಟಿ ತಾಗಿದರೆ ನಡುವೆ ಅಲ್ಪಸ್ವಲ್ಪ ತಗ್ಗಿದ್ದರೂ ಕೆಲಸ ಕೆಡುವುದಿಲ್ಲ. ಮೆಕ್ಯಾನಿಕರು ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜಿನ 0.05 ಮಿ.ಮೀ. ಪಟ್ಟಿ ಆ ಸಂದಿನಲ್ಲಿ ತೂರದಿದ್ದರೆ ತಳ ಬಹಳ ಒಳ್ಳೆಯದೆಂದೇ ತಿಳಿಯಿರಿ, ಸುಮಾರು 0.1 ಮಿ.ಮೀ. ದಪ್ಪದ ಝೆರಾಕ್ಸ್ ಕಾಗದವೇ ಸಲೀಸಾಗಿ ತೂರಿದರೆ ಉಜ್ಜುವ ಕೆಲಸ ದೊಡ್ಡದಿದೆ. ತಿರುಚು ನೋಡಲು ಕೌಂಟರಿನ ದಪ್ಪ ಗಾಜಿನ ಮೇಲಿಟ್ಟು ಎದುರುಬದುರು ಮೂಲೆಗಳನ್ನು ಒತ್ತಬೇಕು. ಟಕಟಕ ಎಂದು ಕುಣಿದರೆ, ಜಾಗ ಬದಲಿಸಿ ಇನ್ನೊಮ್ಮೆ ಒತ್ತಿ, ಆಗಲೂ ಕುಣಿದರೆ ವಾಪಸು ಕೊಡಬೇಕು.

ಎಲ್ಲಕ್ಕಿಂತ ಕೆಟ್ಟದ್ದು ಬಾಯಿಯ ಮುಂದಿನ ಅಂಚಿನಲ್ಲೇ ತಗ್ಗಿರುವುದು. ಮರದ ಎಳೆಯನ್ನು ಅಲಗು ತಲುಪುವ ಮೊದಲು ಒತ್ತಿ ಹಿಡಿಯುವುದು ಅದೇ ಅಂಚು. ಅದು ತಾಗದಿದ್ದರೆ ಎಳೆ ಕತ್ತರಿಸುವ ಬದಲು ಕಿತ್ತುಬರುತ್ತದೆ. ನಾನು ಮೊದಲ ರಂಧಾ ಕೊಂಡಾಗ ಇದು ತಿಳಿದಿರಲಿಲ್ಲ. ಸಾಗವಾನಿಯ ಕಿಟಕಿ ಬಾಗಿಲೊಂದರ ಪಟ್ಟಿಯ ಮೇಲೆ ಕಡಲೆಬೇಳೆ ಗಾತ್ರದ ಗುಳಿಗಳು ಎದ್ದವು, ಎಷ್ಟು ಸಾಣೆ ಹಿಡಿದರೂ ನಿಲ್ಲಲಿಲ್ಲ. ಕೊನೆಗೆ ತಳವನ್ನು ಸರ್ಫೇಸ್ ಗ್ರೈಂಡರಿಗೆ ಹಾಕಿಸಿದಾಗ ಗುಳಿ ನಿಂತವು, ಆದರೆ ಆ ಖರ್ಚು ಸೇರಿದರೆ ಒಂದು ಮೇಲ್ದರ್ಜೆಯ ರಂಧಾ ಬರುತ್ತಿತ್ತು. ತಗ್ಗು ಕಡಿಮೆ ಇದ್ದರೆ ಕೈಯಿಂದಲೇ ಉಜ್ಜಬಹುದು. ಇಳಕಲ್ ಗ್ರಾನೈಟಿನ ಪಾಲಿಶ್ ಮಾಡಿದ ತುಂಡೊಂದು, ಅದು ಸಮವಿದೆಯೆಂದು ಪಟ್ಟಿಯಿಟ್ಟು ಖಚಿತಪಡಿಸಿಕೊಂಡ ಮೇಲೆ, ಎಮರಿ ಕಾಗದ ಹಾಸಲು ಹೇಳಿಮಾಡಿಸಿದಂತಿರುತ್ತದೆ. 80ನೆಯ ನಂಬರಿನ ಕಾಗದದಿಂದ ಆರಂಭಿಸಿ 220ಕ್ಕೆ ನಿಲ್ಲಿಸಿದರೆ ಸಾಕು.

ಗುಜರಿಯಲ್ಲಿ ಸಿಕ್ಕ ಹಳೆಯ ರಂಧಾ ಆದರೆ ಬಾಯಿಯ ಮೂಲೆಗಳಲ್ಲಿ ಸೀಳನ್ನು ಹುಡುಕಬೇಕು. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದರೆ ಸೀಳಿದ್ದಲ್ಲಿ ಎಣ್ಣೆ ಒಸರಿ ಕಪ್ಪು ಗೆರೆಯಾಗಿ ಕಾಣುತ್ತದೆ.

ಅಲಗು ಕೂಡುವ ಇಳಿಜಾರಿನ ತುಂಡಿಗೆ ಫ್ರಾಗ್ ಎಂದು ಹೆಸರು. ಸಾಮಾನ್ಯವಾಗಿ 45 ಡಿಗ್ರಿಯ ಇಳಿಜಾರು. ಅದರ ಮೇಲೆ ಬಣ್ಣದ ಗಂಟುಗಳಿದ್ದು ಅಲಗು ಅಲ್ಲಾಡಿದರೆ ಕೆಲಸದಲ್ಲಿ ರಂಧಾ ನಡುಗುತ್ತದೆ. ಬಣ್ಣವನ್ನು ಅರದಿಂದ ತೆಗೆಯಬಹುದು, ಆದರೆ ಫ್ರಾಗಿನ ಅಡಿಯೇ ಸರಿಯಾಗಿ ಕೂಡದಿದ್ದರೆ ಬಿಟ್ಟುಬಿಡಿ. ಅಲಗನ್ನು ಏರಿಳಿಸುವ ಚಕ್ರ ಅರ್ಧ ಸುತ್ತು, ಹೆಚ್ಚೆಂದರೆ ಒಂದು ಸುತ್ತು ಖಾಲಿ ತಿರುಗುವುದು ಸಹಜ.

ಅಲಗಿನ ಉಕ್ಕನ್ನು ಪರೀಕ್ಷಿಸಲು ಅಂಗಡಿಯವರ ಅನುಮತಿ ಪಡೆದು, ಅಂಚಿನ ಸಮೀಪ ಪಕ್ಕದಲ್ಲಿ ಹೊಸ ಅರವನ್ನು ಮೆಲ್ಲಗೆ ಎಳೆಯಬೇಕು. ಅರ ಜಾರಿದರೆ ಅಲಗು ಗಟ್ಟಿ. ಕಚ್ಚಿ ಹಿಡಿದರೆ ಮೆತ್ತಗಿದೆ. ಸಾಗವಾನಿಯಲ್ಲಿ ಮರಳಿನ ಅಂಶವಾದ ಸಿಲಿಕಾ ಇರುವುದರಿಂದ ಮೆತ್ತಗಿನ ಅಲಗು ಅದರ ಮುಂದೆ ಬೇಗನೆ ಮೊಂಡಾಗುತ್ತದೆ. ಬೇರೆ ಅಲಗು ಹಾಕಿಸಲು ಸಾಧ್ಯವಿದೆ, ಆದರೆ ಅದರ ಬೆಲೆಯನ್ನು ಅಂದೇ ಲೆಕ್ಕಕ್ಕೆ ಹಿಡಿಯಬೇಕು. ಅಲಗಿನ ಮೇಲೆ ಕೂಡುವ ಕಬ್ಬಿಣದ ಪಟ್ಟಿಯನ್ನು ಅದಕ್ಕೆ ಬಿಗಿದು ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಕಾಣಬಾರದು. ಕಂಡರೆ ಹೆರೆದ ಮರದ ಸುರುಳಿ ಅಲ್ಲಿ ಸಿಕ್ಕಿ ಬಾಯಿ ಕಟ್ಟುತ್ತದೆ. ಪಟ್ಟಿಯ ಅಂಚನ್ನು ಕಲ್ಲಿನ ಮೇಲೆ ತಿಕ್ಕಿದರೆ ಈ ದೋಷ ಹೋಗುತ್ತದೆ.

ಅಂಗಡಿಗೆ ಹೋಗುವಾಗ ಮನೆಯಲ್ಲಿ ಚೆನ್ನಾಗಿ ಸಾಣೆ ಹಿಡಿದ 2 ಇಂಚಿನ ಅಲಗನ್ನೂ ಒಂದು ಗೇಣು ಸಾಗವಾನಿ ತುಂಡನ್ನೂ ಒಯ್ಯುವುದು ನನ್ನ ರೂಢಿ. ಹೊಸ ರಂಧಾದ ಅಲಗಿಗೆ ಇನ್ನೂ ಸಾಣೆಯಾಗಿರುವುದಿಲ್ಲ, ಅದರಿಂದ ಏನೂ ತಿಳಿಯದು. ನಮ್ಮ ಅಲಗನ್ನು ಕೂಡಿಸಿ ಎರಡು ಸಲ ಎಳೆದು, ಬಂದ ಸುರುಳಿಯನ್ನು ಬಿಡಿಸಿ ನೋಡಿ: ಅದು ಒಂದೇ ದಪ್ಪದಲ್ಲಿ, ನಡುವೆ ಹರಿಯದೆ, ಹಿಂದಿನ ಅಕ್ಷರ ಕಾಣುವಷ್ಟು ತೆಳ್ಳಗೆ ಬಂದಿದ್ದರೆ ದುಡ್ಡು ಕೊಟ್ಟು ತನ್ನಿ.