ಮೊಟಕು ಲ್ಯಾಟಿನ್ ಬಿಡಿಸುವುದು: ಇಂಗ್ಲೆಂಡಿನ ಮೇನರ್ ಸುರುಳಿಗಳಲ್ಲಿ ವಂಶ ಹುಡುಕುವವರಿಗೆ

ಇಂಗ್ಲೆಂಡಿನ ಚರ್ಚುಗಳು ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂಬ ಕಟ್ಟಳೆ ಬಂದದ್ದು 1538ರಲ್ಲಿ. ಅದಕ್ಕೂ ಹಿಂದಿನ ರೈತ ಕುಟುಂಬದ ಜಾಡು ಬೇಕೆಂದರೆ ಮೇನರ್ (ಜಮೀನ್ದಾರನ ಒಡೆತನದ ಜಮೀನು) ಕೋರ್ಟುಗಳ ಚರ್ಮದ ಸುರುಳಿಗಳನ್ನೇ ಓದಬೇಕು. ಯಾರು ಸತ್ತರು, ಜಮೀನು ಯಾರ ಕೈಗೆ ಹೋಯಿತು ಎಂಬುದು ಸಿಗುವುದು ಅಲ್ಲಿ. ಭಾಷೆ ಲ್ಯಾಟಿನ್. ಆದರೆ ನಿಜವಾದ ತೊಡಕು ಭಾಷೆಗಿಂತ ಬರವಣಿಗೆಯದು: ಗುಮಾಸ್ತ ಅರ್ಧ ಪದ ಬರೆದು ಉಳಿದದ್ದಕ್ಕೆ ಒಂದು ಗೀಟು ಎಳೆದಿರುತ್ತಾನೆ.

ಮೊದಲ ಸುತ್ತಿನಲ್ಲಿ ಅರ್ಥದ ಗೊಡವೆ ಬೇಡ. ಸಾಲಿಗೆ ಸಾಲು, ಕಂಡಷ್ಟನ್ನೇ ನಕಲು ಮಾಡಿ. ಗೀಟು ಇದ್ದಲ್ಲಿ ಗುರುತು ಹಾಕಿ. ಎರಡನೆಯ ಸುತ್ತಿನಲ್ಲಿ ಬಿಡಿಸಿದ ಅಕ್ಷರಗಳನ್ನು ಚೌಕ ಆವರಣದೊಳಗೆ ಸೇರಿಸಿ. ಹೀಗೆ ಮಾಡದಿದ್ದರೆ ಗುಮಾಸ್ತ ಬರೆದದ್ದು ಯಾವುದು, ನೀವು ಊಹಿಸಿದ್ದು ಯಾವುದು ಎಂಬುದು ಆರು ತಿಂಗಳ ನಂತರ ನಿಮಗೇ ತಿಳಿಯುವುದಿಲ್ಲ.

ಗುರುತುಗಳಲ್ಲಿ ಕೆಲವು ಖಚಿತ, ಕೆಲವು ಅಲ್ಲ. ಸ್ವರದ ಮೇಲಿನ ಅಡ್ಡಗೆರೆ ಸಾಮಾನ್ಯವಾಗಿ ಬಿಟ್ಟುಹೋದ ಎಂ ಅಥವಾ ಎನ್. ಪಿ ಅಕ್ಷರದ ಕಾಲನ್ನು ಗೆರೆ ನೇರ ಕತ್ತರಿಸಿದರೆ ‘ಪೆರ್’ ಅಥವಾ ‘ಪಾರ್’. ಆ ಕಾಲಿಗೆ ಎಡಕ್ಕೆ ಬಾಗಿದ ಕೊಂಡಿಯಿದ್ದರೆ ‘ಪ್ರೊ’. ಗೆರೆ ತಲೆಯ ಮೇಲಿದ್ದರೆ ‘ಪ್ರೆ’. ಪದದ ಆರಂಭದಲ್ಲಿ 9ರಂತಹ ಗುರುತು ‘ಕೊನ್’ ಅಥವಾ ‘ಕೊಮ್’, ಅದೇ ಗುರುತು ಪದದ ಕೊನೆಯಲ್ಲಿ ಮೇಲಕ್ಕೇರಿದರೆ ‘ಉಸ್’. 7ರಂತೆ ಕಾಣುವುದು ಅಂಕಿಯಲ್ಲ, ‘ಎತ್’, ಅಂದರೆ ‘ಮತ್ತು’. ಪದದ ಕೊನೆಗೆ ಎಳೆದ ಬರಿಯ ಗೀಟು ಮಾತ್ರ ಏನನ್ನೂ ಹೇಳುವುದಿಲ್ಲ, ‘ಇಲ್ಲಿ ಏನೋ ಬಿಟ್ಟಿದೆ’ ಎನ್ನುವುದರ ಹೊರತು. ಅದನ್ನು ವ್ಯಾಕರಣದಿಂದಲೇ ತುಂಬಬೇಕು.

ಐ, ಯು, ಎನ್, ಎಂ ನಾಲ್ಕೂ ಒಂದೇ ಬಗೆಯ ಗಿಡ್ಡ ನೆಟ್ಟಗೆರೆಗಳು. ಗೆರೆ ಎಣಿಸಿ, ಸಾಧ್ಯವಿರುವ ಜೋಡಣೆಗಳನ್ನೆಲ್ಲ ಬರೆದುಕೊಂಡು, ಅದೇ ಕೈಬರಹದ ಗೊತ್ತಿರುವ ಪದದೊಂದಿಗೆ ತಾಳೆ ನೋಡಿ. ಸಿ ಮತ್ತು ಟಿ ಕೂಡ ಹೀಗೇ ಕೈಕೊಡುತ್ತವೆ, ಅದರಲ್ಲೂ ಊರಿನ ಹೆಸರುಗಳಲ್ಲಿ. ನಿಘಂಟಿನಲ್ಲಿ ಪದ ಸಿಗದಿದ್ದರೆ ಇನ್ನೊಂದು ಕಾರಣವಿರಬಹುದು: ಮಧ್ಯಯುಗದವರು ‘ಕ್ವೇ’ (quae) ಎಂಬಂತಹ ಪದಗಳ ಎಇ ಜೋಡಿಯನ್ನು ಬರಿಯ ಇ ಎಂದು ಬರೆಯುತ್ತಿದ್ದರು.

ವಂಶವೃಕ್ಷ ಹೆಚ್ಚು ಕೆಡುವುದು ಎಫ್-ಐ-ಎಲ್ ಮತ್ತು ಗೀಟು ಎಂಬ ಪುಟ್ಟ ಪದದಲ್ಲಿ. ಅದು ಫಿಲಿಯುಸ್ (ಮಗ) ಇರಬಹುದು, ಫಿಲಿಯಾ (ಮಗಳು) ಇರಬಹುದು. ‘ಅಲಿಸಿಯಾ ಕ್ವೆ ಫುಯಿತ್ ಉಕ್ಸೊರ್ ಯೊಹಾನ್ನಿಸ್ ಫಿಲ್– ರಿಕಾರ್ದಿ’ ಎಂಬ ಸಾಲನ್ನು ತೆಗೆದುಕೊಳ್ಳಿ. ಯೊಹಾನ್ನಿಸ್ ಷಷ್ಠಿ ವಿಭಕ್ತಿ, ‘ಯೊಹಾನ್ನೆಸನ’. ಪಕ್ಕದ ಪದ ಅವನಿಗೆ ಸೇರಿದರೆ ‘ಫಿಲಿಯಿ’: ಅಲಿಸಿಯಾ ರಿಕಾರ್ದನ ಮಗ ಯೊಹಾನ್ನೆಸನ ಹೆಂಡತಿಯಾಗಿದ್ದವಳು, ಎಂದರೆ ರಿಕಾರ್ದನ ಸೊಸೆ. ‘ಫಿಲಿಯಾ’ ಎಂದು ತುಂಬಿದರೆ ಅವಳೇ ರಿಕಾರ್ದನ ಮಗಳಾಗುತ್ತಾಳೆ, ಇಡೀ ಕವಲು ಬೇರೆ ಮನೆಗೆ ಹೋಗುತ್ತದೆ. ಹತ್ತಿರದ ಹೆಸರಿಗೆ ಸೇರಿಸುವುದೇ ವಾಡಿಕೆ. ಆದರೂ ಆವರಣದಲ್ಲಿ ಪ್ರಶ್ನಾರ್ಥಕ ಹಾಕಿ, ಹಿಂದುಮುಂದಿನ ಕೋರ್ಟುಗಳಲ್ಲಿ ಅದೇ ಜಮೀನಿನ ನಮೂದು ಹುಡುಕಿ. ‘ಕ್ವೆ ಫುಯಿತ್ ಉಕ್ಸೊರ್’ ಎಂದರೆ ಸಾಮಾನ್ಯವಾಗಿ ವಿಧವೆ ಎಂಬುದೂ ನೆನಪಿರಲಿ.

ಲ್ಯಾಟಿನ್ನಿನ ನಂಟಿನ ಪದಗಳು ಕನ್ನಡಿಗರಿಗೆ ಸುಲಭ: ‘ಪಾತ್ರುಉಸ್’ ತಂದೆಯ ಸೋದರ, ‘ಅವುಂಕುಲುಸ್’ ಸೋದರಮಾವ. ಗುಮಾಸ್ತರು ಈ ಭೇದವನ್ನು ಯಾವಾಗಲೂ ಪಾಲಿಸುತ್ತಿರಲಿಲ್ಲ, ಹಾಗಾಗಿ ಇದೊಂದನ್ನೇ ನಂಬಬಾರದು. ‘ನೆಪೋಸ್’ ಮೊಮ್ಮಗನೂ ಆಗಬಹುದು, ಸೋದರನ ಅಥವಾ ಸೋದರಿಯ ಮಗನೂ ಆಗಬಹುದು.

ಇನ್ನು ತಾರೀಖು. ದಿನ ಹಬ್ಬದಿಂದ, ವರ್ಷ ರಾಜನ ಪಟ್ಟದಿಂದ ಲೆಕ್ಕ. ‘ಸಂತ ಮೈಕೇಲನ ಹಬ್ಬದ ನಂತರದ ಸೋಮವಾರ, ಮೂರನೆಯ ಎಡ್ವರ್ಡನ 10ನೇ ವರ್ಷ’ ಎಂದಿದ್ದರೆ ಹೀಗೆ ಬಿಡಿಸಿ: ಅವನ ಆಳ್ವಿಕೆ ಶುರುವಾದದ್ದು 1327ರ ಜನವರಿ 25, ಆದ್ದರಿಂದ 10ನೇ ವರ್ಷ 1336ರ ಜನವರಿ 25ರಿಂದ 1337ರ ಜನವರಿ 24ರವರೆಗೆ. ಹಬ್ಬ ಸೆಪ್ಟೆಂಬರ್ 29. ಆಗ ಬಳಕೆಯಲ್ಲಿದ್ದ ಜೂಲಿಯನ್ ಪಂಚಾಂಗದಲ್ಲಿ ಆ ವರ್ಷ ಅದು ಭಾನುವಾರ. ಕೋರ್ಟು ಸೇರಿದ್ದು 1336ರ ಸೆಪ್ಟೆಂಬರ್ 30. 1327ಕ್ಕೆ ನೇರವಾಗಿ 10 ಕೂಡಿಸಿದರೆ ಒಂದು ವರ್ಷ ತಪ್ಪುತ್ತದೆ, ಏಕೆಂದರೆ ಪಟ್ಟಕ್ಕೆ ಬಂದ ದಿನದಿಂದಲೇ ಮೊದಲ ವರ್ಷ ಎಣಿಕೆಗೆ ಬರುತ್ತದೆ.