ಲ್ಯಾಬ್ ಇಲ್ಲದೆ ಓದಿದ ಶೋಕಪತ್ರ: ನನ್ನ ಅನುಭವ

ದೊಡ್ಡ ಮಲ್ಟಿಸ್ಪೆಕ್ಟ್ರಲ್ ಲ್ಯಾಬ್ (ಕಣ್ಣಿಗೆ ಕಾಣದ ಬೆಳಕಲ್ಲೂ ಫೋಟೋ ತೆಗೆಯುವ ಜಾಗ) ಇಲ್ಲದೆ ಈ ಹಾಳೆ ಓದೋಕೆ ಆಗಲ್ಲ ಅಂತ ಬಲ್ಲವರೇ ಹೇಳಿದ್ದರು. ಬ್ರೂಕ್ಲಿನ್‌ನ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಓದಿ ತೋರಿಸಿದ್ದೇನೆ.

ಯಹೂದಿಗಳ ಹಸೀದಿ ಎಂಬ ಭಕ್ತಿ ಪಂಥದ ಒಬ್ಬ ರಬ್ಬಿ (ಧರ್ಮಗುರು) ಇನ್ನೊಬ್ಬ ರಬ್ಬಿಗೆ ಬರೆದ ಪತ್ರ ಇದು. ಆಗಿನ ರಷ್ಯ ಸಾಮ್ರಾಜ್ಯದ ಲಿಯಾಡಿ ಊರಿನ ಹಸೀದಿ ಗುರು ಶ್ನೆಯೂರ್ ಜಲ್ಮನ್ ತೀರಿಕೊಂಡ ದುಃಖ ಅದರ ತುಂಬ ಇದೆ. ನೆಪೋಲಿಯನ್‌ನ ಸೇನೆ ಬಂತೆಂದು ಊರು ಬಿಟ್ಟಿದ್ದ ಅವರು 1812ರ ಡಿಸೆಂಬರ್‌ನಲ್ಲಿ ಪೇನಾ ಎಂಬ ಹಳ್ಳಿಯಲ್ಲಿ ಕಣ್ಣು ಮುಚ್ಚಿದರು. ಸಮಾಧಿ ಹಾದ್ಯಾಚ್‌ನಲ್ಲಿದೆ. ಹಾಳೆಯ ಮೇಲ್ಭಾಗಕ್ಕೆ ನೀರು ತಾಗಿ ಶಾಯಿ ಕಂದಿತ್ತು. ತಾರೀಖೂ ಅಲ್ಲೇ ಇತ್ತು.

ಇನ್‌ಫ್ರಾರೆಡ್‌ಗೆ ಬದಲಾಯಿಸಿದ ಹಳೇ ಕ್ಯಾಮೆರಾಗೆ 500 ಡಾಲರ್ ಹತ್ತಿರ ಹೋಯ್ತು. ಅದರಲ್ಲಿ ನೋಡಿದರೆ ಚೆನ್ನಾಗಿದ್ದ ಸಾಲುಗಳೂ ಮಾಯ! ಕಾಡಿಗೆಯ ಶಾಯಿಯಾಗಿದ್ದರೆ ಕಪ್ಪಗೆ ಉಳಿಯಬೇಕಿತ್ತು. ಹಾಗಾಗಿ ಇದು ಮಾಚಿಕಾಯಿ ಮತ್ತು ಕಬ್ಬಿಣದ ಶಾಯಿ, ಕಾಡಿಗೆಯದ್ದಲ್ಲ ಅನ್ನೋದು ಖಚಿತವಾಯ್ತು ಅಷ್ಟೆ. ಯಾರೋ ಮೂಲೆಯಲ್ಲಿ ಪೆನ್ಸಿಲ್‌ನಿಂದ ಬರೆದ ಅಂಕಿ ಮಾತ್ರ ಕಪ್ಪಗೆ ಉಳಿದಿತ್ತು. ಆಮೇಲೆ ಅಲ್ಟ್ರಾವಯೊಲೆಟ್. 365 ನ್ಯಾನೋಮೀಟರ್ (ಬೆಳಕಿನ ಅಲೆಯುದ್ದ) ಅಂತ ತರಿಸಿದ ಅಗ್ಗದ ಟಾರ್ಚ್ 395ರದ್ದು ಇರಬೇಕು, ಬರೀ ನೇರಳೆ ಬೆಳಕು. ಇನ್ನೊಂದು 60 ಡಾಲರ್ ದಂಡ.

ಕೆಲಸ ಮಾಡಿದ್ದು ನಿಜವಾದ 365ರ ಎರಡು ಟಾರ್ಚ್. ಅವುಗಳ ಮುಂದೆ ಕಪ್ಪು ಗಾಜಿನ ಫಿಲ್ಟರ್, ಲೆನ್ಸ್ ಮುಂದೆ ತಿಳಿ ಹಳದಿ ಫಿಲ್ಟರ್. ಪೂರ್ತಿ ಕತ್ತಲೆ, ಎಂಟು ಹತ್ತು ಸೆಕೆಂಡ್ ಎಕ್ಸ್‌ಪೋಷರ್. ಅದಕ್ಕಿಂತ ಜಾಸ್ತಿ ಬೆಳಕು ಬಿಡಬೇಡಿ, ಕಾಗದ ಪಾಪ. ಕಾಗದ ಹೊಳೆಯುತ್ತದೆ, ಶಾಯಿ ಇದ್ದ ಜಾಗ ಕಪ್ಪಾಗಿ ಏಳುತ್ತದೆ. ಹಿಂಬದಿಯ ಬರಹ ಇಣುಕದಂತೆ ಹಾಳೆಯ ಕೆಳಗೆ ಕರಿ ಕಾಗದ ಇಟ್ಟೆ. ಟಾರ್ಚ್‌ಗಳ ಕೋನ, ಫೋಟೋದ ನೀಲಿ ಮತ್ತು ಹಸಿರು ಚಾನೆಲ್ (ಬಣ್ಣದ ಪದರ) ಬೆರೆಸುವ ಪ್ರಮಾಣ ಎರಡನ್ನೂ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ತುಂಬ ರಾತ್ರಿಗಳ ದುಡಿಮೆ ಅದು.

ತಾರೀಖು ಎದ್ದು ಬಂತು: ಮೂರನೇ ದಿನ, 'ಬೋ' ಪಾಠದ ವಾರ, ವರ್ಷ 573. ಯಹೂದಿಗಳು ವಾರವನ್ನು ಭಾನುವಾರದಿಂದ ಎಣಿಸುತ್ತಾರೆ, ಪ್ರತಿ ವಾರಕ್ಕೂ ಧರ್ಮಗ್ರಂಥ ತೋರಾದ ಒಂದು ಪಾಠ ಇರುತ್ತದೆ. ಸಾವಿರದ ಅಂಕಿ ಬಿಡೋದು ರೂಢಿ, ಅಂದರೆ ಯಹೂದಿ ಪಂಚಾಂಗದ 5573. ಲೆಕ್ಕ ಹಾಕಿದರೆ 1813ರ ಜನವರಿ 5, ಮಂಗಳವಾರ. ಗುರು ಹೋಗಿ ಒಂಬತ್ತೇ ದಿನ! ರಷ್ಯದ ಆಗಿನ ಪಂಚಾಂಗದಲ್ಲಿ ಅದು ಇನ್ನೂ ಡಿಸೆಂಬರ್ 24. ಈ 12 ದಿನದ ಅಂತರ ಮರೆತರೆ ಲೆಕ್ಕವೆಲ್ಲ ತಪ್ಪುತ್ತದೆ.

ನಕಲಿ ಇರಬಹುದು ಅಂತ ಅನುಮಾನಿಸಿದವರೂ ಇದ್ದರು. ತಪ್ಪಲ್ಲ ಬಿಡಿ. 1918ರ ಸುಮಾರಿಗೆ ಖೆರ್ಸಾನ್ ಸಂಗ್ರಹ ಅಂತ ಹಸೀದಿ ಗುರುಗಳ ಹೆಸರಿನಲ್ಲಿ ನೂರಾರು ಸುಳ್ಳು ಪತ್ರಗಳು ಬಂದಿದ್ದವು. ಅದಕ್ಕೇ ತಾರೀಖು ಯಾವ ವಾರಕ್ಕೆ ಬೀಳುತ್ತದೆ ಅಂತ ನೋಡಿದೆ. ಶಬ್ಬತ್‌ನಂದು (ಶನಿವಾರದ ವಿಶ್ರಾಂತಿ ದಿನ) ಅವರು ಬರೆಯೋದೇ ಇಲ್ಲ, ಇದು ಮಂಗಳವಾರ. ಸುಮ್ನೆ ಕುತೂಹಲಕ್ಕೆ ಹಾಳೆಯ ಕೆಳಗೆ ಟ್ಯಾಬ್ಲೆಟ್ ಹೊತ್ತಿಸಿದಾಗ ನೀರುಗುರುತಿನಲ್ಲಿ (ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸುವ ಗುರುತು) 1811 ಕಂಡಿತು. ರಷ್ಯದ ಕಾಗದದವರು ವರ್ಷ ಹಾಕುತ್ತಿದ್ದರು, ನಮ್ಮ ಪುಣ್ಯ. ಹಳೇ ಕಾಗದದ ಮೇಲೆ ಆಮೇಲೆ ಬರೆದಿರಬಹುದಲ್ವಾ ಅಂದರೆ, ಹೌದು, ಆಗಬಹುದು. ಆದರೆ ಶಾಯಿ, ವಾರ, ಕಾಗದ ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ನಾಲ್ಕನೇ ಸಾಲು ಓದಿದಾಗ ಕಣ್ಣು ತುಂಬಿತು. ನೀತಿವಂತ ತೀರಿಕೊಂಡ ಮೇಲೆ ಬದುಕಿದ್ದಾಗಿನದಕ್ಕಿಂತ ಹೆಚ್ಚಾಗಿ ಎಲ್ಲ ಲೋಕಗಳಲ್ಲೂ ಇರುತ್ತಾನೆ ಎಂಬ, ಯಹೂದಿ ಅನುಭಾವ ಗ್ರಂಥ ಜೋಹಾರ್‌ನ ಮಾತು ಅಲ್ಲಿದೆ. 1788ರಲ್ಲಿ ಇನ್ನೊಬ್ಬ ಹಸೀದಿ ಗುರು, ವಿಟೆಬ್ಸ್ಕ್‌ನ ಮೆನಾಖೆಮ್ ಮೆಂಡೆಲ್, ಈಗಿನ ಇಸ್ರೇಲ್‌ನ ತಿಬೇರಿಯದಲ್ಲಿ ತೀರಿಕೊಂಡಾಗ, ಅಲ್ಲಿನವರನ್ನು ಸಂತೈಸಲು ಶ್ನೆಯೂರ್ ಜಲ್ಮನ್ ತಾವೇ ಬರೆದ ಪತ್ರದಲ್ಲಿ ಇದೇ ಮಾತಿತ್ತು. ಅವರು ಇನ್ನೊಬ್ಬರಿಗೆ ಹೇಳಿದ ಸಮಾಧಾನವನ್ನೇ ಈಗ ಅವರಿಗಾಗಿ ಅಳುವವರು ಹಂಚಿಕೊಳ್ಳುತ್ತಿದ್ದಾರೆ. ಶ್ನೆಯೂರ್ ಜಲ್ಮನ್ ಅವರ ಆ ಪತ್ರ ಅಚ್ಚಾಗಿದ್ದು 1814ರಲ್ಲಿ ಅಲ್ವಾ, 1813ರಲ್ಲಿ ಬರೆದವರಿಗೆ ಹೇಗೆ ಗೊತ್ತು ಅಂತ ಒಬ್ಬರು ಕೇಳಿದರು. ಅದಕ್ಕೂ ಮುಂಚೆ ಇಂಥ ಪತ್ರಗಳು ಕೈಪ್ರತಿಗಳಾಗಿ ಓಡಾಡುತ್ತಿದ್ದವು. ಜೋಹಾರ್ ಅಂತೂ ಎಲ್ಲರ ಮನೆಯ ಮಾತು.

ಹಿಂಬದಿಯ ವಿಳಾಸ ಇನ್ನೂ ಬಾಕಿ. ಅರಗಿನ ಮುದ್ರೆ ಅಲ್ಟ್ರಾವಯೊಲೆಟ್‌ನಲ್ಲಿ ಕಿತ್ತಳೆ ಬಣ್ಣಕ್ಕೆ ಹೊಳೆದು ಪಕ್ಕದ ಅಕ್ಷರಗಳನ್ನು ನುಂಗುತ್ತಿದೆ. ಚೂರು ಕಪ್ಪು ಕಾಗದ ಕತ್ತರಿಸಿ ಅದರ ಮೇಲೆ ಮುಚ್ಚಿ ನೋಡುತ್ತಿದ್ದೇನೆ. ಸದ್ಯಕ್ಕೆ ಊರಿನ ಹೆಸರಿನ ಮೊದಲ ಎರಡಕ್ಷರ ಸಿಕ್ಕಿವೆ.