ಯಕ್ಷಗಾನದ ಫೋಟೊಗೆ ಹಳೆಯ ಕ್ಯಾಮೆರಾ, ದೊಡ್ಡ ಕಣ್ಣಿನ ಲೆನ್ಸು

ಯಕ್ಷಗಾನ ಆಟದ ಫೋಟೊ ತೆಗೆಯಲು ಕ್ಯಾಮೆರಾ ಕೊಳ್ಳುತ್ತೇನೆ ಎಂದಾಗ ನನಗೆ ಬಂದ ಸಲಹೆಗಳೆಲ್ಲ ಬಾಡಿಯ, ಅಂದರೆ ಲೆನ್ಸು ಬಿಟ್ಟು ಉಳಿದ ಕ್ಯಾಮೆರಾದ, ಸುತ್ತಲೇ ತಿರುಗುತ್ತಿದ್ದವು. ‘ರಾತ್ರಿಯ ಕೆಲಸ ಮಾರಾಯ, ಫುಲ್‌ಫ್ರೇಮ್ ಇಲ್ಲದೆ ಆಗುವುದಿಲ್ಲ’ ಎಂದು ಗೆಳೆಯನೊಬ್ಬ ಪಟ್ಟು ಹಿಡಿದ. ಫುಲ್‌ಫ್ರೇಮ್ ಎಂದರೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರುವ ಕ್ಯಾಮೆರಾ. ನನ್ನ ಕೈಯಲ್ಲಿ ಇದ್ದದ್ದು ₹40,000. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಕಾಗದ ಪೆನ್ನು ಹಿಡಿದು ಕುಳಿತೆ.

ಕ್ಯಾಮೆರಾದ ಜೊತೆಗೇ ಬರುವ 18–55 ಎಂಎಂ ಜೂಮ್ ಲೆನ್ಸನ್ನು ಪೂರ್ತಿ ಎಳೆದಾಗ ಅದರ ದ್ವಾರ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ದ್ವಾರ ದೊಡ್ಡದು). ಎಫ್/1.8ರ ಲೆನ್ಸು ಅದರ ಒಂಬತ್ತೂವರೆ ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, 5.6ನ್ನು 1.8ರಿಂದ ಭಾಗಿಸಿ ವರ್ಗ ಮಾಡಿದರೆ ಉತ್ತರ ಸಿಗುತ್ತದೆ. ಫುಲ್‌ಫ್ರೇಮ್ ಸೆನ್ಸರಿನ ವಿಸ್ತೀರ್ಣವಾದರೋ ನಿಕಾನಿನ ಸಣ್ಣ ಸೆನ್ಸರಿನ ಎರಡೂಕಾಲು ಪಟ್ಟಿನ ಆಸುಪಾಸು, ಅಷ್ಟೇ. ದೊಡ್ಡ ಸೆನ್ಸರ್ ಕೊಂಡು ಅದಕ್ಕೆ ಎಫ್/5.6ರ ಲೆನ್ಸು ಸಿಕ್ಕಿಸುವವನಿಗಿಂತ ಸಣ್ಣ ಸೆನ್ಸರಿಗೆ ಎಫ್/1.8 ಸಿಕ್ಕಿಸುವವನೇ ರಂಗಸ್ಥಳದ ಮುಂದೆ ಗೆಲ್ಲುತ್ತಾನೆ. ಮೊದಲು ಲೆನ್ಸು, ಮಿಕ್ಕ ಹಣದಲ್ಲಿ ಬಾಡಿ ಎಂದು ತೀರ್ಮಾನಿಸಿದೆ.

ಯಾವ ಲೆನ್ಸು ಎಂಬುದನ್ನು ನಾನು ಕುಳಿತುಕೊಳ್ಳುವ ಜಾಗವೇ ನಿರ್ಧರಿಸಿತು. ಬಯಲಾಟದಲ್ಲಿ ಎದುರಿಗೆ ನಿಂತರೆ ಹಿಂದಿನವರು ಬೈಯುತ್ತಾರೆ, ಬೈಯಬೇಕು ಕೂಡ. ಹಾಗಾಗಿ ಮುಂದಿನ ಮೂಲೆಯ ಬಳಿ ನೆಲದ ಮೇಲೆ ಕೂರುತ್ತೇನೆ. ಅಲ್ಲಿಂದ ವೇಷಕ್ಕೆ ಐದಾರು ಮೀಟರ್. ಆರು ಮೀಟರ್ ದೂರದಿಂದ 85 ಎಂಎಂ ಲೆನ್ಸಿನಲ್ಲಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೂ, ಸುಮಾರು 1.65 ಮೀಟರ್ ಎತ್ತರ ಮಾತ್ರ ಚೌಕಟ್ಟಿಗೆ ಬರುತ್ತದೆ. ಕಿರೀಟ ಸೇರಿ ಇಡೀ ವೇಷ ಹಿಡಿಸುವುದಿಲ್ಲ. ಮುಖ, ಎದೆಪದಕ, ಕೈಯ ಅಭಿನಯ ಚೆನ್ನಾಗಿ ಸಿಗುತ್ತದೆ. 50 ಎಂಎಂನಲ್ಲಿ 2.8 ಮೀಟರ್ ಸಿಗುತ್ತದೆ, ದಿಗಿಣಕ್ಕೂ (ಹಾರಿ ಸುತ್ತುವ ಕುಣಿತ) ತಲೆಯ ಮೇಲೆ ಜಾಗ ಉಳಿಯುತ್ತದೆ. ಎರಡೂ ಬೇಕಾದವು. 70–200 ಎಫ್/2.8 ಒಂದಿದ್ದರೆ ಲೆನ್ಸು ಬದಲಿಸುವ ಗೋಜಿಲ್ಲ ಎನ್ನುವುದು ನಿಜ, ಆದರೆ ಒಂದೂವರೆ ಕಿಲೋ ತೂಕವನ್ನು ಬೆಳಗಿನವರೆಗೆ ಹಿಡಿಯುವ ತೋಳು ನನಗಿಲ್ಲ. ಅದರ ಬೆಲೆಯ ಮಾತು ಬೇಡವೇ ಬೇಡ.

ನಿಕಾನ್‌ನಲ್ಲಿ 50 ಮತ್ತು 85 ಎರಡಕ್ಕೂ ಹೊಸ ‘ಜಿ’ ಮಾದರಿ, ಹಳೆಯ ‘ಡಿ’ ಮಾದರಿ ಎಂದು ಎರಡೆರಡು ಇವೆ. ಹಳೆಯವು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಬಹಳ ಅಗ್ಗ. ಕಾರಣ, ಅವುಗಳೊಳಗೆ ಫೋಕಸ್ ಮೋಟಾರ್ ಇಲ್ಲ, ಬಾಡಿಯ ಮೋಟಾರೇ ಅವನ್ನು ತಿರುಗಿಸಬೇಕು. ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಆ ಮೋಟಾರ್ ಇಲ್ಲ. ಡಿ7000 ಸರಣಿಯಲ್ಲಿ ಇದೆ. ಲೆನ್ಸಿನ ಈ ಉಳಿತಾಯವೇ ನನ್ನನ್ನು 2015ರ ಡಿ7200 ಕಡೆಗೆ ಕರೆದೊಯ್ದಿತು. ಅದಕ್ಕಿಂತ ಅಗ್ಗದ ಡಿ7100 ಸಹ ನೋಡಿದೆ. ಆದರೆ ಅದರ ಬಫರ್ (ಕಾರ್ಡಿಗೆ ಬರೆಯುವ ಮೊದಲು ಚಿತ್ರಗಳನ್ನು ಇಟ್ಟುಕೊಳ್ಳುವ ಜಾಗ) ಚಿಕ್ಕದು, ಸಂಸ್ಕರಿಸದ ‘ರಾ’ ಫೈಲಿನಲ್ಲಿ ಸತತವಾಗಿ ಕ್ಲಿಕ್ಕಿಸಿದರೆ ಕ್ಷಣದಲ್ಲೇ ಉಸಿರು ಕಟ್ಟುತ್ತದೆ; ಮಂದ ಬೆಳಕಿನಲ್ಲಿ ಫೋಕಸ್ ಹಿಡಿಯುವುದರಲ್ಲೂ ಡಿ7200 ಒಂದು ಹೆಜ್ಜೆ ಮುಂದು. ಬಾಡಿ, ಎರಡು ಲೆನ್ಸು, ಹೆಚ್ಚುವರಿ ಬ್ಯಾಟರಿ, ಎಲ್ಲವೂ ಬಳಸಿದ್ದು. ಎಲ್ಲ ಸೇರಿ ಹಣದ ಮಿತಿಯೊಳಗೇ ಮುಗಿಯಿತು.

ಬಳಸಿದ್ದನ್ನು ಕೊಳ್ಳುವಾಗ ನೋಡಬೇಕಾದದ್ದು ಹೆಚ್ಚೇನಿಲ್ಲ, ಆದರೆ ಸಂಕೋಚವಿಲ್ಲದೆ ನೋಡಬೇಕು. ಸ್ಥಳದಲ್ಲೇ ಒಂದು ಫೋಟೊ ತೆಗೆದು ಅದರೊಳಗೇ ದಾಖಲಾಗುವ ಎಕ್ಸಿಫ್ ಮಾಹಿತಿಯಲ್ಲಿ ಶಟರ್ ಎಣಿಕೆ ಓದಿದೆ. ಡಿ7200ರ ಶಟರನ್ನು ಒಂದೂವರೆ ಲಕ್ಷ ಕ್ಲಿಕ್ಕುಗಳವರೆಗೆ ಪರೀಕ್ಷಿಸಲಾಗಿದೆ ಎಂದು ಕಂಪನಿ ಹೇಳುತ್ತದೆ, ಅದರ ಮೂರನೇ ಒಂದು ಭಾಗದೊಳಗಿನದನ್ನೇ ಹುಡುಕಿದೆ. ಲೆನ್ಸಿನ ಹಿಂಬದಿಯಿಂದ ಮೊಬೈಲಿನ ಟಾರ್ಚ್ ಹಾಕಿ ಮುಂದಿನಿಂದ ಓರೆಯಾಗಿ ನೋಡಿದರೆ ಬೂಸು (ಶಿಲೀಂಧ್ರ) ಜೇಡರ ಬಲೆಯಂತೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಮಾರಾಟಕ್ಕೆ ಬರುವ ಲೆನ್ಸುಗಳಲ್ಲಿ ಇದು ಅಪರೂಪವಲ್ಲ. ಒಂದೆರಡು ಧೂಳಿನ ಕಣ ಇದ್ದರೆ ಇರಲಿ, ಬೂಸು ಕಂಡರೆ ಎಷ್ಟು ಅಗ್ಗವಾದರೂ ಬೇಡ. ಕೊನೆಗೆ ಮೇಜಿನ ಮೇಲೆ ಹರಡಿದ ಪತ್ರಿಕೆಯ ಒಂದು ಸಾಲಿಗೆ ಓರೆಯಿಂದ ಫೋಕಸ್ ಮಾಡಿ, ಸ್ಪಷ್ಟವಾಗಿ ಬಂದದ್ದು ಆ ಸಾಲೋ ಹಿಂದುಮುಂದಿನದೋ ಎಂದು ನೋಡಿದೆ. 85ರಲ್ಲಿ ತುಸು ಹಿಂದಕ್ಕೆ ಬೀಳುತ್ತಿತ್ತು. ಡಿ7200ರಲ್ಲಿ ಅದನ್ನು ಸರಿಪಡಿಸುವ ಸೌಲಭ್ಯ ಇರುವುದರಿಂದ ಬೆಲೆ ಇಳಿಸಿಕೊಂಡು ತಂದೆ.

ರಂಗದ ಮುಂದೆ ನನ್ನ ಲೆಕ್ಕ ಸಾಮಾನ್ಯವಾಗಿ ಹೀಗಿರುತ್ತದೆ: ಎಫ್/2.2, 1/250 ಸೆಕೆಂಡ್, ಐಎಸ್‌ಒ 1600 (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ; ಇದು ಏರಿದಷ್ಟೂ ಚಿತ್ರ ತರಿತರಿ). ಎಫ್/5.6ರ ಲೆನ್ಸಿನಲ್ಲಿ ಇದೇ ಚಿತ್ರಕ್ಕೆ ಐಎಸ್‌ಒ ಹತ್ತು ಸಾವಿರ ದಾಟುತ್ತದೆ. ಪೂರ್ತಿ ಎಫ್/1.8ಕ್ಕೆ ತೆರೆಯದಿರುವುದಕ್ಕೆ ಕಾರಣವಿದೆ. ಹಳೆಯ 85, ಕಿರೀಟದ ಹೊಳೆಯುವ ಅಂಚುಗಳಿಗೆ ನೇರಳೆ ಬಣ್ಣದ ಗೆರೆ ಹಚ್ಚುತ್ತದೆ. ಜೊತೆಗೆ ಆರು ಮೀಟರಿನಲ್ಲಿ ಅದರ ಸ್ಪಷ್ಟತೆಯ ಆಳ ಒಂದು ಅಡಿಗಿಂತ ಸ್ವಲ್ಪವೇ ಹೆಚ್ಚು. ಕಲಾವಿದ ಒಂದು ಹೆಜ್ಜೆ ಮುಂದಿಟ್ಟರೆ ಮುಖ ಕೈತಪ್ಪುತ್ತದೆ. ದಿಗಿಣಕ್ಕೆ 1/250 ಸಾಕೇ ಎಂದು ಕೇಳುವವರಿದ್ದಾರೆ. ಹಾರಿದವನು ನೆತ್ತಿಯಲ್ಲಿ ಕ್ಷಣಕಾಲ ನಿಂತಂತೆಯೇ ಇರುತ್ತಾನೆ, ಆಗ ಒತ್ತಿದರೆ ಸಾಕು. ಆ ಕ್ಷಣವನ್ನು ಕ್ಯಾಮೆರಾ ಹೇಳಿಕೊಡುವುದಿಲ್ಲ, ಚೆಂಡೆ ಹೇಳಿಕೊಡುತ್ತದೆ.

ಎಕ್ಸ್‌ಪೋಶರನ್ನು ಮಾತ್ರ ಕ್ಯಾಮೆರಾದ ಪಾಲಿಗೆ ಬಿಡುವುದಿಲ್ಲ. ಹಿಂದೆ ಕಪ್ಪು ರಾತ್ರಿ, ಮುಂದೆ ಮುಖಕ್ಕೆ ಹಚ್ಚುವ ಚುಟ್ಟಿಯ ಬಿಳಿ. ಬಣ್ಣದ ವೇಷದ (ರಾಕ್ಷಸ ಪಾತ್ರದ) ಪ್ರವೇಶಕ್ಕೆ ದೊಂದಿಗೆ ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೇಳುತ್ತದೆ, ಕ್ಯಾಮೆರಾ ಗಾಬರಿಗೊಂಡು ಮುಂದಿನ ಚಿತ್ರವನ್ನೇ ಕತ್ತಲು ಮಾಡುತ್ತದೆ. ಮ್ಯಾನುಯಲ್‌ನಲ್ಲಿ ಮುಖದ ಬೆಳಕಿಗೆ ಹೊಂದಿಸಿಟ್ಟರೆ ಈ ತಾಪತ್ರಯವಿಲ್ಲ. ಫ್ಲ್ಯಾಶ್ ಬಳಸುವುದೇ ಇಲ್ಲ. ಹಾರಿ ಇಳಿಯುವವನ ಕಣ್ಣಿಗೆ ಅದನ್ನು ಹೊಡೆಯುವುದು ಅಪಾಯ.

ಸದ್ದಿಲ್ಲದ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾ ಏಕೆ ಕೊಳ್ಳಲಿಲ್ಲ ಎಂದು ಈಗಲೂ ಕೇಳುತ್ತಾರೆ. ಚೆಂಡೆ ಮದ್ದಲೆಯ ನಡುವೆ ಶಟರಿನ ಸದ್ದು ಯಾರಿಗೆ ಕೇಳಬೇಕು? ವೇಷ, ಕುಣಿತಗಳಿಲ್ಲದ ತಾಳಮದ್ದಲೆಯ ಮಾತಿನ ನಡುವೆ ಕೇಳುತ್ತದೆ, ಒಪ್ಪಿದೆ. ಆದರೆ ಅಗ್ಗದ ಮಿರರ್‌ಲೆಸ್ ಬಾಡಿಗಳ ಎಲೆಕ್ಟ್ರಾನಿಕ್ ಶಟರ್ ಚಿತ್ರವನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಓದುತ್ತದೆ, ಅಷ್ಟರಲ್ಲಿ ಮಿನುಗುವ ಎಲ್‌ಇಡಿ ದೀಪ ಹಲವು ಬಾರಿ ಮಂಕಾಗಿ ಬೆಳಗಿರುತ್ತದೆ. ವೇಷದ ಮೈಮೇಲೆ ಅಡ್ಡಪಟ್ಟೆಗಳು ಮೂಡುತ್ತವೆ. ಡಿ7200ರ ಯಾಂತ್ರಿಕ ಶಟರ್ 1/250ರವರೆಗೆ ಇಡೀ ಸೆನ್ಸರನ್ನು ಒಮ್ಮೆಗೇ ತೆರೆದಿಡುವುದರಿಂದ ಪಟ್ಟೆಯ ಕಾಟ ಕಡಿಮೆ. ಒಂದು ಚಿತ್ರ ತುಸು ಕಪ್ಪು, ಇನ್ನೊಂದು ತುಸು ಬೆಳ್ಳಗೆ ಬರಬಹುದು, ಅದನ್ನು ರಾ ಫೈಲಿನಲ್ಲಿ ಸರಿಮಾಡಿಕೊಳ್ಳಬಹುದು.

ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕ್ಯಾಮೆರಾಕ್ಕೆ ಕೆಲಸ ಕಡಿಮೆ, ಮಳೆಗಾಲದ ತೇವ ಮಾತ್ರ ಹೆಚ್ಚು. ಬ್ಯಾಗಿನೊಳಗೆ ಮಲಗಿಸಿಟ್ಟ ಲೆನ್ಸಿಗೆ ಬೂಸು ಹಿಡಿಯುವುದು ಈ ತಿಂಗಳುಗಳಲ್ಲೇ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರು. ಮುಳ್ಳು ಶೇಕಡಾ 45ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳುತ್ತೇನೆ. ಅಕ್ಕಿಯಲ್ಲಿ ಹೂತಿಡುವ ಸಲಹೆಯನ್ನು ಕೇಳಿದ್ದೇನೆ, ಆ ಧೂಳು ಲೆನ್ಸಿಗೆ ಬೇಡ.

ಈಗ ಉಳಿದಿರುವ ಕೊರತೆ ಕಲಾವಿದರು ವೇಷ ಕಟ್ಟುವ ಚೌಕಿಯದು. ಬಣ್ಣ ಹಚ್ಚಿಕೊಳ್ಳುವವರ ನಡುವಿನ ಇಕ್ಕಟ್ಟಿನಲ್ಲಿ 50 ಉದ್ದವಾಗುತ್ತದೆ, ಹಿಂದೆ ಸರಿದರೆ ಯಾರದೋ ಪೆಟ್ಟಿಗೆಗೆ ಬೆನ್ನು ತಾಗುತ್ತದೆ. ದೀಪಾವಳಿಯ ನಂತರ ಮೇಳಗಳು ತಿರುಗಾಟಕ್ಕೆ ಹೊರಡುವ ಮೊದಲು 35 ಎಂಎಂ ಎಫ್/1.8 ಒಂದನ್ನು ಹುಡುಕುತ್ತಿದ್ದೇನೆ, ಅದೂ ಬಳಸಿದ್ದೇ.